ನೀರಿದ್ದೂ ಗಿಡ ಬಾಡುವುದೇಕೆ: ಕಿಂಡಿ ಅಣೆಕಟ್ಟಿನ ಹಲಗೆಗಳ ಕುರಿತು

ಮಾನ್ಯ ಸಂಪಾದಕರೇ,

ಕಳೆದ ಗ್ರಾಮಸಭೆಯಲ್ಲಿ ನಮ್ಮ ಬೈಲಿನ (ತಗ್ಗು ಗದ್ದೆಗಳ) ಗುಳ್ಳದ, ಅಂದರೆ ಗುಂಡು ಬದನೆಯ, ಗಿಡಗಳು ಸತ್ತ ವಿಷಯ ಚರ್ಚೆಗೆ ಬಂತು. ಸಮುದ್ರದ ಉಪ್ಪು ನೀರು ಮೇಲೇರದಂತೆ ಹೊಳೆಯ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಹಾಕುವುದು ಈ ಸಲವೂ ತಡವಾಯಿತು, ಹಾಕಿದ ಹಲಗೆಗಳ ಸಂದಿಯಿಂದಲೂ ಉಪ್ಪು ನೀರು ಒಳಗೆ ನುಗ್ಗುತ್ತಿದೆ ಎಂದು ಬೆಳೆಗಾರರು ದೂರಿದರು. ವೇದಿಕೆಯಲ್ಲಿದ್ದ ಅಧಿಕಾರಿಯೊಬ್ಬರು ತಾಳ್ಮೆಯಿಂದಲೇ ಕೇಳಿಸಿಕೊಂಡು, "ತೋಡಿನಲ್ಲಿ ನೀರು ತುಂಬಿದೆ, ಗದ್ದೆಯ ಮಣ್ಣು ಒದ್ದೆಯಾಗಿದೆ. ನೀರಿರುವಲ್ಲಿ ಗಿಡ ಬಾಡಿದರೆ ಅದು ರೋಗವೇ ಇರಬೇಕು" ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು. ವರದಿಯಲ್ಲೂ ರೋಗವೆಂದೇ ಬರೆಯಲಾಗಿದೆ ಎಂದು ಆಮೇಲೆ ತಿಳಿಯಿತು. ಉತ್ತರ ಕೊಡಲು ನಾನು ಎದ್ದು ನಿಂತಿದ್ದೆ, ಆದರೆ ಮೈಕ್ ಹೆಂಗಸರ ಸಾಲಿನ ತನಕ ಬರಲಿಲ್ಲ. ಆದ್ದರಿಂದ ಈ ಪತ್ರ. ಸ್ವಲ್ಪ ಉದ್ದವಾಗಿದ್ದರೆ ಕ್ಷಮಿಸಿ, ಆದರೆ ದಯವಿಟ್ಟು ಅಂಕಿಗಳನ್ನು ಕತ್ತರಿಸಬೇಡಿ.

ನಾನು ಕೃಷಿ ವಿಜ್ಞಾನಿಯಲ್ಲ. ಮಂಗಳೂರಿನ ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿ ತಂತ್ರಜ್ಞೆಯಾಗಿದ್ದು, ನಿವೃತ್ತಿಯ ನಂತರ ಕಟಪಾಡಿ ಸಮೀಪದ ತವರುಮನೆಗೆ ಬಂದು ನೆಲೆಸಿದವಳು. ರಕ್ತನಿಧಿಯ ಕೆಲಸವೆಂದರೆ ಮುಕ್ಕಾಲು ಭಾಗ ಉಪ್ಪು ನೀರಿನ ಕೆಲಸ. ಗುಂಪು ನೋಡುವ ಮೊದಲು, ಹೊಂದಾಣಿಕೆ ಪರೀಕ್ಷೆಯ ಮೊದಲು ಕೆಂಪು ರಕ್ತಕಣಗಳನ್ನು ಸಲೈನಿನಲ್ಲಿ ತೊಳೆಯಬೇಕು. ಆ ಸಲೈನು ಯಾವುದೋ ಒಂದು ಉಪ್ಪು ನೀರಲ್ಲ. ಒಂದು ಲೀಟರಿಗೆ 9 ಗ್ರಾಂ ಉಪ್ಪು, ಅಂದರೆ ಶೇಕಡಾ 0.9. ಅದಕ್ಕಿಂತ ತುಂಬ ಕಡಿಮೆಯಾಗಲಿ ಹೆಚ್ಚಾಗಲಿ ಆಗಕೂಡದು. ಏಕೆ ಆಗಕೂಡದು ಎಂಬ ಪ್ರಶ್ನೆಯ ಉತ್ತರದಲ್ಲೇ ನಮ್ಮ ಗುಳ್ಳದ ಗಿಡ ಸತ್ತ ಕಾರಣವೂ ಇದೆ.

ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲ ದಿನ ಪಾಠ ಮಾಡುತ್ತಿರಲಿಲ್ಲ, ಮೂರು ಪ್ರನಾಳಗಳನ್ನು ತೋರಿಸುತ್ತಿದ್ದೆ. ಮೂರಕ್ಕೂ ತೊಳೆದ ರಕ್ತಕಣಗಳ ಎರಡೆರಡು ಹನಿ. ಒಂದರಲ್ಲಿ ಶೇಕಡಾ 0.9ರ ಸಲೈನು, ಎರಡನೆಯದರಲ್ಲಿ ಬಟ್ಟಿ ಇಳಿಸಿದ ನೀರು, ಮೂರನೆಯದರಲ್ಲಿ ಶೇಕಡಾ 3ರ ಉಪ್ಪು ನೀರು. ಹಿಂದುಗಡೆ ಅಂದಿನ ದಿನಪತ್ರಿಕೆ ಹಿಡಿಯುತ್ತಿದ್ದೆ. ಸಲೈನಿನ ಪ್ರನಾಳ ಕೆಂಪಾಗಿ ಕದಡಿಕೊಂಡಿದ್ದು, ಅದರ ಹಿಂದಿನ ಅಕ್ಷರ ಕಾಣಿಸುವುದಿಲ್ಲ. ಬಟ್ಟಿ ಇಳಿಸಿದ ನೀರಿನದು ನೋಡುತ್ತಿದ್ದಂತೆ ತಿಳಿಯಾಗಿ, ಶುದ್ಧ ಕೆಂಪು ಬಣ್ಣದ ಗಾಜಿನ ಮೂಲಕ ನೋಡಿದಂತೆ ತಲೆಬರಹ ಸ್ಪಷ್ಟವಾಗಿ ಓದಲು ಸಿಗುತ್ತದೆ. ಕಣಗಳೆಲ್ಲ ಒಡೆದುಹೋಗಿ ಬಣ್ಣ ಮಾತ್ರ ನೀರಿಗೆ ಬಂದಿರುತ್ತದೆ. ಮೂರನೆಯದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗಿನ ಕಣಗಳು ಸುರುಟಿ, ಮೈಯೆಲ್ಲ ಮುಳ್ಳೆದ್ದು ನಿಂತಿರುತ್ತವೆ.

ರಕ್ತ, ಉಪ್ಪು, ನೀರು ಬಿಟ್ಟು ಇಲ್ಲಿ ಬೇರೇನೂ ಇಲ್ಲ. ರೋಗಾಣು ಇಲ್ಲ, ವಿಷವಿಲ್ಲ. ಜೀವಕೋಶದ ಸುತ್ತ ತೆಳುವಾದ ಒಂದು ಪೊರೆಯಿದೆ. ನೀರು ಅದನ್ನು ಸಲೀಸಾಗಿ ದಾಟುತ್ತದೆ, ಉಪ್ಪು ಸಲೀಸಾಗಿ ದಾಟಲಾರದು. ಪೊರೆಯ ಎರಡು ಬದಿಗಳಲ್ಲಿ ಕರಗಿದ ವಸ್ತುಗಳು ಸಮನಾಗಿಲ್ಲದಿದ್ದರೆ, ಹೆಚ್ಚು ಕರಗಿರುವ ಕಡೆಗೆ ನೀರು ಹರಿಯುತ್ತದೆ. ಶಾಲೆಯಲ್ಲಿ ಅಭಿಸರಣೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದು ಇದನ್ನೇ. ಹೊರಗಿನ ದ್ರಾವಣ ಕೋಶದ ಒಳಗಿಗೆ ಸಮನಾಗಿದ್ದರೆ ಐಸೊಟಾನಿಕ್, ತೆಳುವಾಗಿದ್ದರೆ ಹೈಪೊಟಾನಿಕ್, ದಪ್ಪಗಿದ್ದರೆ ಹೈಪರ್‌ಟಾನಿಕ್. ಉಪ್ಪನ್ನು ಶೇಕಡಾ 0.9ರಿಂದ ಇಳಿಸುತ್ತ ಹೋದರೆ, ಆರೋಗ್ಯವಂತರ ರಕ್ತಕಣ 0.45ರ ಆಸುಪಾಸಿನಲ್ಲಿ ಒಡೆಯಲು ಶುರುವಾಗಿ, 0.3ಕ್ಕೆ ಬರುವಷ್ಟರಲ್ಲಿ ಪೂರ್ತಿ ಒಡೆದಿರುತ್ತದೆ. ಥಲಸ್ಸೀಮಿಯಾ (ಆನುವಂಶಿಕ ರಕ್ತಹೀನತೆ) ವಾಹಕರನ್ನು ಪತ್ತೆಹಚ್ಚುವ ಒಂದು ಅಗ್ಗದ ಪರೀಕ್ಷೆ ನಿಂತಿರುವುದೇ ಇದರ ಮೇಲೆ. ಶೇಕಡಾ 0.36ರ ಸಲೈನಿಗೆ ಒಂದು ಹನಿ ರಕ್ತ ಬಿಟ್ಟು, ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದ ಹಿಡಿಯುತ್ತಾರೆ. ವಾಹಕರ ಕಣಗಳು ಸುಲಭವಾಗಿ ಒಡೆಯುವುದಿಲ್ಲವಾದ್ದರಿಂದ ಗೆರೆ ಮಸುಕಾಗಿಯೇ ಉಳಿಯುತ್ತದೆ. ಉಪ್ಪಿನಲ್ಲಿ ಒಂದು ಗ್ರಾಮಿನ ಭಾಗಾಂಶದ ವ್ಯತ್ಯಾಸವನ್ನೂ ಜೀವಕೋಶ ಎಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಡುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಇನ್ನೊಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಎಷ್ಟು ಕರಗಿದೆ ಎಂಬುದೊಂದೇ ಲೆಕ್ಕವಲ್ಲ, ಕರಗಿದ್ದು ಪೊರೆಯನ್ನು ದಾಟುತ್ತದೆಯೇ ಎಂಬುದೂ ಮುಖ್ಯ. ಶೇಕಡಾ 1.8ರ ಯೂರಿಯಾ ದ್ರಾವಣದಲ್ಲಿ ಇರುವ ಕಣಗಳ ಎಣಿಕೆ ಸಲೈನಿನಷ್ಟೇ. ಕಾಗದದ ಮೇಲೆ ಅದು ರಕ್ತಕ್ಕೆ ಸರಿಸಮಾನ. ಆದರೆ ಅದರಲ್ಲಿ ರಕ್ತಕಣ ಹಾಕಿ, ಕ್ಷಣಗಳಲ್ಲಿ ಒಡೆಯುತ್ತದೆ. ಏಕೆಂದರೆ ಯೂರಿಯಾ ಪೊರೆಯನ್ನು ದಾಟಿ ಒಳಗೆ ಹೋಗುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಶೇಕಡಾ 5ರ ಗ್ಲೂಕೋಸ್ ಬಾಟಲಿಯೂ ಹೀಗೆಯೇ. ಬಾಟಲಿಯಲ್ಲಿರುವಾಗ ಸಮಾನ, ದೇಹ ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ಬರಿಯ ನೀರು. ರಕ್ತ ಕೊಡುವ ನಳಿಕೆಯಲ್ಲಿ ಗ್ಲೂಕೋಸ್ ಬಿಡಬಾರದು, ಸಲೈನು ಮಾತ್ರ ಎಂಬ ನಿಯಮವನ್ನು ನಾನು ದಾದಿಯರಿಗೆ ಎಷ್ಟು ಸಲ ನೆನಪಿಸಿದ್ದೇನೋ ಲೆಕ್ಕವಿಲ್ಲ.

ಈಗ ಗಿಡಕ್ಕೆ ಬರೋಣ. ರಕ್ತಕಣಕ್ಕೂ ಗಿಡದ ಜೀವಕೋಶಕ್ಕೂ ಇರುವ ದೊಡ್ಡ ವ್ಯತ್ಯಾಸ ಕೋಶಭಿತ್ತಿ. ಗಿಡದ ಕೋಶದ ಪೊರೆಯ ಹೊರಗೆ ಸೆಲ್ಯುಲೋಸಿನ ಗಟ್ಟಿ ಗೋಡೆಯಿದೆ. ಮಳೆಗಾಲದಲ್ಲಿ ಗದ್ದೆಯ ತುಂಬ ಸಿಹಿ ನೀರು ನಿಂತಾಗ ಬೇರಿನ ಕೋಶಗಳು ನೀರು ಕುಡಿದು ಉಬ್ಬಿದರೂ ಒಡೆಯುವುದಿಲ್ಲ, ಗೋಡೆ ಹಿಡಿದು ನಿಲ್ಲಿಸುತ್ತದೆ. ಗೋಡೆಯನ್ನು ಒಳಗಿನಿಂದ ಒತ್ತುವ ಈ ಒತ್ತಡವೇ ಎಲೆಯನ್ನು ಅಗಲವಾಗಿ, ದಂಟನ್ನು ನೆಟ್ಟಗೆ ಇಡುವುದು. ಅದೇನು ಸಣ್ಣ ಒತ್ತಡವಲ್ಲ. ನಿಮ್ಮ ಕಾರಿನ ಚಕ್ರದಲ್ಲಿರುವ ಗಾಳಿಗಿಂತ ಹೆಚ್ಚಿನ ಒತ್ತಡ ಒಂದು ಸಾಧಾರಣ ಎಲೆಯ ಕೋಶದೊಳಗೆ ಇರುತ್ತದೆ. ಮರದಂತೆ ಕಟ್ಟಿಗೆಯಿಲ್ಲದ ಬದನೆ, ಹರಿವೆ, ಬೆಂಡೆಯ ಎಳೆ ಗಿಡಗಳೆಲ್ಲ ನಿಂತಿರುವುದು ಈ ನೀರಿನ ಬಲದಿಂದಲೇ.

ಬೇರು ಮಣ್ಣಿನಿಂದ ನೀರು ಎಳೆಯಬೇಕಾದರೆ ಬೇರಿನ ಒಳಗಿನ ರಸ ಹೊರಗಿನ ನೀರಿಗಿಂತ ದಪ್ಪವಾಗಿರಬೇಕು. ಸಿಹಿ ನೀರಿನಲ್ಲಿ ಅದು ಹಾಗೆಯೇ ಇರುತ್ತದೆ. ಹೊರಗಿನ ನೀರಿಗೆ ಉಪ್ಪು ಸೇರುತ್ತ ಹೋದಂತೆ ಅಂತರ ಕುಗ್ಗುತ್ತದೆ, ನೀರು ಒಳಬರುವುದು ನಿಧಾನವಾಗುತ್ತದೆ. ಹೊರಗೇ ಹೆಚ್ಚಾದರೆ ನೀರು ಬೇರಿನಿಂದ ಹೊರಗೆ ನಡೆಯುತ್ತದೆ. ಆಗ ಕೋಶದ ಪೊರೆ ಗೋಡೆಯಿಂದ ಕಳಚಿಕೊಂಡು ಒಳಗೆ ಮುದುಡುತ್ತದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟಿದ ಮೇಲೆ ಮಿಡಿ ಚಿರುಟಿ, ಒಂದು ಹನಿ ನೀರು ಹಾಕದಿದ್ದರೂ ಭರಣಿಯಲ್ಲಿ ಉಪ್ಪು ನೀರು ಮೇಲೇರಿ ನಿಲ್ಲುವುದನ್ನು ನಮ್ಮ ಜಿಲ್ಲೆಯ ಪ್ರತಿ ಮನೆಯವರೂ ಕಂಡಿದ್ದಾರೆ. ಆ ನೀರು ಮಿಡಿಯ ಜೀವಕೋಶಗಳದ್ದು. ಭರಣಿಯ ಒಳಗೆ ನಾವೇ ಬೇಕೆಂದು ಮಾಡುವುದನ್ನು ಹೊಳೆ ನಮ್ಮ ಗದ್ದೆಯಲ್ಲಿ ಕೇಳದೆಯೇ ಮಾಡುತ್ತಿದೆ. ಅಧಿಕಾರಿಗಳು ಕಂಡದ್ದು ಒದ್ದೆ ಮಣ್ಣನ್ನು. ಆ ಒದ್ದೆಯನ್ನು ಗಿಡ ಕುಡಿಯಲಾರದು.

ಎಷ್ಟು ಉಪ್ಪು ಎಂದರೆ ಹೆಚ್ಚು? ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿವೆ, ನಮ್ಮ ರಕ್ತದ ಹೆಚ್ಚುಕಡಿಮೆ ನಾಲ್ಕು ಪಟ್ಟು. ಅದರ ಅಭಿಸರಣ ಒತ್ತಡ, ಅಂದರೆ ನೀರನ್ನು ತನ್ನತ್ತ ಎಳೆಯುವ ಬಲ, ವಾಯುಭಾರದ 25 ಪಟ್ಟಿಗೂ ಮಿಕ್ಕಿದ್ದು. ಸಾಮಾನ್ಯ ಬೆಳೆಗಳು 15 ಪಟ್ಟಿನ ಎಳೆತಕ್ಕೇ ಸೋತು, ಮತ್ತೆ ಚೇತರಿಸದಂತೆ ಬಾಡುತ್ತವೆ ಎಂಬುದು ಮಣ್ಣು ವಿಜ್ಞಾನದ ರೂಢಿಯ ಲೆಕ್ಕ. ಸಮುದ್ರದ ನೀರು ನೇರವಾಗಿ ಗದ್ದೆಗೆ ಬಂದರೆ ಗಿಡ ಉಳಿಯದೆಂದು ಯಾರೂ ಒಪ್ಪುತ್ತಾರೆ. ಆದರೆ ಅಷ್ಟು ಬೇಕಾಗಿಯೇ ಇಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇ.ಸಿ. ಎಂದು ಒಂದು ಅಂಕಿ ಇರುತ್ತದೆ, ವಿದ್ಯುತ್ ವಾಹಕತೆಯ ಅಳತೆ. ಉಪ್ಪು ಹೆಚ್ಚಿದಂತೆ ಈ ಅಂಕಿ ಏರುತ್ತದೆ. ಮೀಟರಿಗೆ ಡೆಸಿಸೀಮೆನ್ಸ್ ಎಂಬ ಮಾನದಲ್ಲಿ ಸಮುದ್ರದ ನೀರಿನದು ಸುಮಾರು 50. ಮಣ್ಣಿನ ಸಾರದಲ್ಲಿ ಇದು 3 ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ, ಆಮೇಲೆ ಏರುವ ಒಂದೊಂದು ಅಂಕಕ್ಕೂ ಶೇಕಡಾ 12ರಂತೆ. ಬದನೆಗೆ ಮಿತಿ ಇನ್ನೂ ಕೆಳಗೆ, 1.1. ಅಲ್ಲಿಂದ ಮೇಲೆ ಪ್ರತಿ ಅಂಕಕ್ಕೆ ಸುಮಾರು ಶೇಕಡಾ 7 ನಷ್ಟ. ಇಪ್ಪತ್ತು ಕೊಡ ಸಿಹಿ ನೀರಿಗೆ ಒಂದೇ ಒಂದು ಕೊಡ ಸಮುದ್ರದ ನೀರು ಬೆರೆಸಿ ನೋಡಿ, ಅಂಕಿ 3ರ ಹತ್ತಿರ ಬಂದು ನಿಲ್ಲುತ್ತದೆ. ನಾಲಿಗೆಗೆ ಸ್ವಲ್ಪ ಸಪ್ಪೆಯುಪ್ಪು ಎನಿಸಬಹುದು, ಅಷ್ಟೇ. ದನ ಕುಡಿಯುತ್ತದೆ, ಬಟ್ಟೆ ಒಗೆಯಬಹುದು, ಗುಳ್ಳಕ್ಕೆ ಮಾತ್ರ ಆಗುವುದಿಲ್ಲ.

ಇದರ ಮೇಲೆ ಬಿಸಿಲಿನ ಲೆಕ್ಕ ಬೇರೆ. ತೋಡಿನಲ್ಲಿ ಅಂಕಿ 2 ಇದ್ದ ನೀರನ್ನು ಗಿಡದ ಬುಡಕ್ಕೆ ಹಾಯಿಸಿದಿರಿ ಎನ್ನಿ. ನಮ್ಮದು ಹೊಯಿಗೆ (ಮರಳು) ಮಣ್ಣು, ಮಕರ ಸಂಕ್ರಾಂತಿ ಕಳೆದ ಮೇಲಿನ ಬಿಸಿಲು. ನೀರು ಆವಿಯಾಗುತ್ತದೆ, ಗಿಡವೂ ಒಂದಿಷ್ಟು ಎಳೆದುಕೊಳ್ಳುತ್ತದೆ, ಉಪ್ಪು ಮಾತ್ರ ಅಲ್ಲಿಯೇ ಉಳಿಯುತ್ತದೆ. ಅರ್ಧ ನೀರು ಹೋದರೆ ಮಣ್ಣಿನಲ್ಲಿ ಅಂಕಿ 4. ಮರುದಿನ ಮತ್ತೆ ಅದೇ ನೀರು. ಹೀಗೆ ತೋಡಿನ ನೀರು ಪರವಾಗಿಲ್ಲ ಎನಿಸುವಾಗಲೇ ಬೇರಿನ ಸುತ್ತ ಬೇರೆಯೇ ಒಂದು ಹೊಳೆ ಸಿದ್ಧವಾಗಿರುತ್ತದೆ. ಗಿಡ ಬಾಡಿತೆಂದು ನೆರೆಮನೆಯ ಅಣ್ಣ ಗೊಬ್ಬರ ಹಾಕಿದರು. ಗೊಬ್ಬರವೂ ಕರಗುವ ಲವಣವೇ, ಬೇರಿನ ಹೊರಗಿನ ದ್ರಾವಣ ಇನ್ನಷ್ಟು ದಪ್ಪವಾಯಿತು. ಅವರನ್ನು ದೂರುವ ಹಾಗಿಲ್ಲ. ರೋಗ ಎಂದು ಮೇಲಿನವರೇ ಹೇಳಿದ ಮೇಲೆ ರೈತ ಗೊಬ್ಬರ, ಔಷಧಿ ಎಂದು ಓಡದೆ ಇನ್ನೇನು ಮಾಡಬೇಕು?

ರೋಗವೇ ಇರಬಹುದಲ್ಲ ಎಂಬ ಸಂದೇಹ ನ್ಯಾಯವಾದದ್ದು. ಬದನೆ ಜಾತಿಗೆ ಬ್ಯಾಕ್ಟೀರಿಯಾದ ಸೊರಗು ರೋಗ ನಮ್ಮಲ್ಲಿ ಅಪರೂಪವೇನಲ್ಲ, ದೂರದಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣಿಸುತ್ತವೆ. ಪ್ರತ್ಯೇಕಿಸಲು ಪ್ರಯೋಗಾಲಯ ಬೇಡ, ಒಂದು ಗಾಜಿನ ಲೋಟ ಸಾಕು. ಬಾಡಿದ ಗಿಡದ ದಂಟನ್ನು ಬುಡದ ಹತ್ತಿರ ಕತ್ತರಿಸಿ, ತಿಳಿ ನೀರಿನಲ್ಲಿ ಮುಳುಗಿಸಿ ಅಲುಗಾಡಿಸದೆ ಹಿಡಿಯಬೇಕು. ಸೊರಗು ರೋಗವಿದ್ದರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂತಹ ಎಳೆ ನೀರಿಗೆ ಇಳಿಯುತ್ತದೆ. ನಮ್ಮ ಬೈಲಿನ ಗಿಡಗಳನ್ನು ನಾನು ಹೀಗೆ ನೋಡಿದೆ, ನೀರು ತಿಳಿಯಾಗಿಯೇ ಉಳಿಯಿತು. ರೋಗ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹಿಡಿದು ಹರಡುತ್ತದೆ. ಇಲ್ಲಿ ಗಿಡಗಳು ಸತ್ತಿರುವುದು ತೋಡಿನ ಅಂಚಿನಿಂದ ಶುರುವಾಗಿ, ತಗ್ಗು ಇರುವಲ್ಲೆಲ್ಲ ಸಾಲಾಗಿ. ಎತ್ತರದ ಏರಿಯ ಮೇಲಿನವು ಇನ್ನೂ ಹಸಿರಾಗಿವೆ. ಎಲೆಗಳ ಅಂಚು ಮೊದಲು ಸುಟ್ಟಂತೆ ಕಂದಾಗಿ, ಆಮೇಲೆ ನಡುವಿಗೆ ಒಣಗುತ್ತ ಬಂದಿದೆ.

ಈ ಅಂಚು ಸುಡುವುದು ಎರಡನೆಯ ಹಂತ. ಮೇಲೆ ಯೂರಿಯಾದ ವಿಷಯ ಹೇಳಿದ್ದು ಇದಕ್ಕಾಗಿಯೇ. ಉಪ್ಪು ಪೊರೆಯನ್ನು ಸಲೀಸಾಗಿ ದಾಟಲಾರದು ಎಂದೆನೇ ಹೊರತು ದಾಟುವುದೇ ಇಲ್ಲ ಎನ್ನಲಿಲ್ಲ. ಮೊದಲ ಹಂತದಲ್ಲಿ, ಗಂಟೆಗಳ ಒಳಗೆ, ಗಿಡಕ್ಕೆ ನೀರು ಸಿಗುವುದು ಕಷ್ಟವಾಗುತ್ತದೆ. ಎಲೆಯ ಪತ್ರರಂಧ್ರಗಳು ಮುಚ್ಚುತ್ತವೆ, ಬೆಳವಣಿಗೆ ನಿಲ್ಲುತ್ತದೆ, ಎಲೆ ಸಣ್ಣದಾಗಿ ಕಡು ಹಸಿರಾಗುತ್ತದೆ, ಮಧ್ಯಾಹ್ನ ಬಾಡಿದ್ದು ಸಂಜೆಗೆ ಏಳುತ್ತದೆ. ನೋಡಿದವರು ಗಿಡ ಚೆನ್ನಾಗಿಯೇ ಇದೆ ಎನ್ನುತ್ತಾರೆ. ದಿನಗಳು, ವಾರಗಳು ಕಳೆದಂತೆ ಸೋಡಿಯಂ ಮತ್ತು ಕ್ಲೋರೈಡ್ ಸ್ವಲ್ಪ ಸ್ವಲ್ಪವಾಗಿ ಒಳನುಸುಳಿ ನೀರಿನೊಂದಿಗೆ ಎಲೆಗೆ ಏರುತ್ತವೆ. ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಅವು ಹೋಗುವುದಿಲ್ಲ. ಹಳೆಯ ಎಲೆಯ ಅಂಚಿನಲ್ಲಿ ಕೂಡಿಕೊಂಡು ಅಲ್ಲಿನ ಕೋಶಗಳನ್ನು ಕೊಲ್ಲುತ್ತವೆ. ಪರಿಶೀಲನೆಗೆ ಬಂದವರು ಕಾಣುವುದು ಈ ಹಂತವನ್ನು. ನಷ್ಟ ಆಗಿಹೋಗಿದ್ದು ಅದಕ್ಕೆ ಬಹಳ ಮೊದಲೇ.

ಸಭೆಯಲ್ಲಿ ಇನ್ನೊಬ್ಬರು ಕೇಳಿದ ಪ್ರಶ್ನೆಯೂ ನೆನಪಿದೆ: ಹಾಗಾದರೆ ಅದೇ ಹೊಳೆಯ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಹೇಗೆ ಬದುಕಿದೆ? ಒಳ್ಳೆಯ ಪ್ರಶ್ನೆ, ನಗು ಬರಿಸಲೆಂದು ಕೇಳಿದ್ದರೂ ಸಹ. ಕಾಂಡ್ಲಾ ಲಕ್ಷಾಂತರ ವರ್ಷಗಳಿಂದ ಇದಕ್ಕೇ ತಯಾರಾದ ಜಾತಿ. ಕೆಲವು ಜಾತಿಗಳು ಬೇರಿನಲ್ಲೇ ಹೆಚ್ಚಿನ ಉಪ್ಪನ್ನು ಸೋಸಿ ಹೊರಗಿಡುತ್ತವೆ. ಕೆಲವು ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತವೆ, ಒಣ ಹವೆಯಲ್ಲಿ ಎಲೆಯ ಮೇಲೆ ಉಪ್ಪಿನ ಹರಳು ಬೆರಳಿಗೇ ಸಿಗುತ್ತದೆ. ಕೋಶದ ರಸದಾನಿಯಲ್ಲಿ (ರಸ ತುಂಬಿದ ಒಳಚೀಲದಲ್ಲಿ) ಉಪ್ಪನ್ನು ಬೀಗ ಹಾಕಿಟ್ಟು, ಉಳಿದ ಭಾಗದಲ್ಲಿ ಅಪಾಯವಿಲ್ಲದ ವಸ್ತುಗಳನ್ನು ತುಂಬಿ ರಸವನ್ನು ಸಮುದ್ರಕ್ಕಿಂತ ದಪ್ಪ ಇಟ್ಟುಕೊಳ್ಳುತ್ತವೆ. ಕುಮಟಾ ಕಡೆಯ ಅಘನಾಶಿನಿ ಗಜನಿಗಳಲ್ಲಿ (ಉಬ್ಬರದ ನೀರು ಬರುವ ತಗ್ಗು ಗದ್ದೆಗಳಲ್ಲಿ) ಬೆಳೆಯುವ ಕಗ್ಗ ಭತ್ತಕ್ಕೂ ಒಂದು ಮಟ್ಟದವರೆಗೆ ಉಪ್ಪು ತಾಳುವ ಶಕ್ತಿಯಿದೆ. ಮಲ್ಪೆ ಬಂದರಿಗೆ ಬರುವ ಬಂಗುಡೆಯ ರಕ್ತದಲ್ಲಿ ಸಮುದ್ರದ ಮೂರನೆಯ ಒಂದು ಭಾಗದಷ್ಟೇ ಉಪ್ಪು. ಅದರ ಮೈಯಿಂದ ನೀರು ಸದಾ ಸಮುದ್ರಕ್ಕೆ ಸೋರುತ್ತಿರುತ್ತದೆ, ಅದಕ್ಕಾಗಿ ಅದು ಸಮುದ್ರವನ್ನೇ ಕುಡಿದು ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳುತ್ತದೆ. ಇವೆಲ್ಲಕ್ಕೂ ಶಕ್ತಿ ಖರ್ಚಾಗುತ್ತದೆ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರೆಂದು ನಾವು ನಂಬುವ, 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಟ್ಟು ಗುಳ್ಳ ಇಂತಹ ಯಾವ ವ್ಯವಸ್ಥೆಯನ್ನೂ ಕಟ್ಟಿಕೊಂಡ ಗಿಡವಲ್ಲ. ಸಮುದ್ರದ ಮಗ್ಗುಲಲ್ಲಿ ಬೆಳೆದರೂ ಅದು ಸಿಹಿ ನೀರಿನ ಬೆಳೆಯೇ.

ರಕ್ತನಿಧಿಯವಳೆಂಬ ಹೆಮ್ಮೆಯಿಂದ ಒಂದು ಮಾತು ಸೇರಿಸುತ್ತೇನೆ. ನೀರು ಪೊರೆಯನ್ನು ಅಷ್ಟು ವೇಗವಾಗಿ ದಾಟುವುದು ಹೇಗೆಂದು ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. ಅಮೆರಿಕದ ಪೀಟರ್ ಆಗ್ರೆ ಎಂಬ ವೈದ್ಯರು ಕೆಂಪು ರಕ್ತಕಣದ ಆರ್‌ಎಚ್ ಪ್ರೊಟೀನನ್ನು, ಅಂದರೆ ನಾವು ಪಾಸಿಟಿವ್ ನೆಗೆಟಿವ್ ಎನ್ನುವ ಅದೇ ಗುಂಪಿನ ಪ್ರೊಟೀನನ್ನು ಹುಡುಕುತ್ತಿದ್ದಾಗ, ಜೊತೆಗೆ ಬೇರೊಂದು ಪ್ರೊಟೀನು ಕೈಗೆ ಸಿಕ್ಕಿತು. ಅದನ್ನು ತಯಾರಿಸುವ ಸಂದೇಶವನ್ನು ಕಪ್ಪೆಯ ಮೊಟ್ಟೆಕೋಶಕ್ಕೆ ಚುಚ್ಚಿ ತೆಳು ದ್ರಾವಣದಲ್ಲಿ ಬಿಟ್ಟರೆ ಮೊಟ್ಟೆ ಉಬ್ಬಿ ಒಡೆಯುತ್ತಿತ್ತು, ಚುಚ್ಚದ ಮೊಟ್ಟೆ ಸುಮ್ಮನಿರುತ್ತಿತ್ತು. 1992ರಲ್ಲಿ ಪ್ರಕಟವಾದ ಆ ಕೆಲಸದಿಂದ ನೀರಿನ ಕಾಲುವೆಗಳಾದ ಅಕ್ವಾಪೊರಿನ್‌ಗಳು ಬೆಳಕಿಗೆ ಬಂದವು. 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಇದೇ ಕುಟುಂಬದ ಕಾಲುವೆಗಳು ಗಿಡದ ಬೇರಿನಲ್ಲೂ ಇವೆ. ರಕ್ತನಿಧಿಯ ಪ್ರನಾಳದಿಂದ ಗುಳ್ಳದ ಗದ್ದೆಗೆ ಬಂದದ್ದನ್ನು ಅಧಿಕಪ್ರಸಂಗ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಇನ್ನು ಹಲಗೆಗಳ ವಿಷಯ. ಹಿಂದೆ ಏಣೆಲು (ಮಳೆಗಾಲದ ಭತ್ತ) ಕೊಯ್ಲು ಮುಗಿದು ಹೊಳೆಯ ಸೆಳೆತ ಕುಗ್ಗುತ್ತಿದ್ದಂತೆ ಊರವರೇ ಸೇರಿ ಮಣ್ಣಿನ ಕಟ್ಟ ಹಾಕುತ್ತಿದ್ದರು. ಹಿರಿಯರು ಉಬ್ಬರದ ಹೊತ್ತಿಗೆ ತೋಡಿಗಿಳಿದು ನೀರು ನಾಲಿಗೆಗೆ ಮುಟ್ಟಿಸಿ ನೋಡಿ ದಿನ ನಿಶ್ಚಯಿಸುತ್ತಿದ್ದರು. ಈಗ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಇದೆ, ಹಲಗೆ ಹಾಕುವುದು ಗುತ್ತಿಗೆಗೆ ಹೋಗಿದೆ, ದಿನ ನಿಶ್ಚಯಿಸುವುದು ಕಡತ. ಕಡತಕ್ಕೆ ಉಪ್ಪಿನ ರುಚಿ ಗೊತ್ತಾಗುವುದಿಲ್ಲ. ಮಳೆ ಬೇಗ ನಿಂತ ವರ್ಷ ಹೊಳೆಯ ಹರಿವು ಬೇಗ ಸೊರಗುತ್ತದೆ, ಉಬ್ಬರದ ನೀರು ಬೇಗ ಮೇಲೇರುತ್ತದೆ. ಆ ವರ್ಷವೂ ಹಲಗೆ ಬರುವುದು ಅದೇ ಮಾಮೂಲು ತಿಂಗಳಿನಲ್ಲಿ, ಅಥವಾ ಬಿಲ್ಲು ಪಾಸಾದ ಮೇಲೆ.

ತಡವಾದರೂ ಹಾಕಿದರಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ತಡವಾಗಿ ಹಾಕಿದ ಹಲಗೆ ಒಮ್ಮೊಮ್ಮೆ ಹಾಕದಿರುವುದಕ್ಕಿಂತ ಕೆಟ್ಟದು. ಉಪ್ಪು ನೀರು ಸಿಹಿ ನೀರಿಗಿಂತ ಭಾರ, ಅದು ಹೊಳೆಯ ತಳ ಹಿಡಿದು ಮೇಲಕ್ಕೆ ಬರುತ್ತದೆ. ಅದು ಒಳಗೆ ಬಂದಾದ ಮೇಲೆ ಕಿಂಡಿ ಮುಚ್ಚಿದರೆ ಉಪ್ಪನ್ನು ಒಳಗೇ ಕೂಡಿಹಾಕಿದಂತಾಯಿತು. ಮೇಲ್ಭಾಗದ ನೀರು ಸಿಹಿಯಾಗಿರುತ್ತದೆ, ಪರಿಶೀಲನೆಗೆ ಬಂದವರು ಬೊಗಸೆಯಲ್ಲಿ ತೆಗೆದು ನೋಡಿ ತೃಪ್ತರಾಗುತ್ತಾರೆ. ಪಂಪಿನ ಕೊಳವೆ ಇರುವುದು ತಳದಲ್ಲಿ. ನಾನು ಕೈಮೀಟರಿನಲ್ಲಿ ಒಂದೇ ಜಾಗದ ಮೇಲಿನ ನೀರನ್ನೂ ತಳದ ನೀರನ್ನೂ ಅಳೆದು ನೋಡಿದ್ದೇನೆ. ಮೇಲಿನದು ಗುಳ್ಳ ತಾಳಬಲ್ಲದು, ತಳದ್ದು ಭತ್ತವೂ ತಾಳದು.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹೊಸ ಅಣೆಕಟ್ಟು ಕೇಳುತ್ತಿಲ್ಲ. ಹಲಗೆ ಹಾಕುವ ದಿನವನ್ನು ನೀರಿನ ಅಂಕಿಯೇ ನಿರ್ಧರಿಸಲಿ. ಮಳೆ ಹಿಂದೆ ಸರಿದ ಕೂಡಲೇ ಕಿಂಡಿಯಿಂದ ಕೆಳಗೆ ಸಮುದ್ರದ ಕಡೆಯಲ್ಲಿ, ಉಬ್ಬರದ ಹೊತ್ತಿಗೆ, ತಳದ ನೀರನ್ನು ಅಳೆಯಲು ಆರಂಭಿಸಲಿ. ಅಂಕಿ ಏರತೊಡಗಿದ ಲಕ್ಷಣ ಕಂಡ ಕೂಡಲೇ, ಹೊಳೆಯಲ್ಲಿ ಇನ್ನೂ ಸಿಹಿ ನೀರಿನ ಹರಿವು ಇರುವಾಗಲೇ ಮುಚ್ಚಲಿ. ಅದಕ್ಕಾಗಿ ಹಲಗೆಗಳೂ ಗುತ್ತಿಗೆಯೂ ಮೊದಲೇ ಸಿದ್ಧವಿರಬೇಕಾಗುತ್ತದೆ, ಅದೇ ನಿಜವಾದ ಕಷ್ಟವೆಂದು ನನಗೂ ಗೊತ್ತು. ಒಳಗೆ ಉಪ್ಪು ಸೇರಿಕೊಂಡಿದ್ದರೆ ಇಳಿತದ ಹೊತ್ತಿಗೆ ಕೆಳಗಿನ ಹಲಗೆ ಎತ್ತಿ ತಳದ ನೀರನ್ನು ಹೊರಗೆ ಬಿಟ್ಟು, ಉಬ್ಬರಕ್ಕೆ ಮೊದಲು ಮತ್ತೆ ಮುಚ್ಚಬೇಕು. ಇದಕ್ಕೆ ಒಬ್ಬ ಕಾವಲುಗಾರ ಬೇಕು, ಸಂಬಳ ಬೇಕು. ಬೆಳೆ ಪರಿಹಾರದ ಅರ್ಜಿಗಳ ಹಿಂದೆ ಅಲೆಯುವ ಖರ್ಚಿನೊಂದಿಗೆ ಹೋಲಿಸಿ ನೋಡಲಿ.

ಅಳೆಯುವ ಸಾಧನ ದುಬಾರಿಯಲ್ಲ, ಪೆನ್ನಿನ ಗಾತ್ರದ ಮೀಟರು, ಪಂಚಾಯತಿಗೆ ಒಂದು ಸಾಕು. ಹತ್ತಿರದ ಪ್ರೌಢಶಾಲೆಯ ಮಕ್ಕಳಿಗೆ ಕೊಟ್ಟರೆ ಅವರೇ ವಾರವಾರ ಅಳೆದು ಕಿಂಡಿಯ ಬಳಿ ಫಲಕದಲ್ಲಿ ಬರೆಯುತ್ತಾರೆ, ಅಭಿಸರಣೆಯ ಪಾಠವೂ ಆಗುತ್ತದೆ. ಮಟ್ಟ ಅಳೆಯುವಾಗ ನೀರಿನ ಎತ್ತರದ ಜೊತೆಗೆ ಈ ಅಂಕಿಯನ್ನೂ ದಾಖಲಿಸಿದರೆ, ಮುಂದೆ ಬೆಳೆ ಸತ್ತಾಗ ರೋಗವೋ ಉಪ್ಪೋ ಎಂದು ವೇದಿಕೆಯಿಂದ ಊಹಿಸಬೇಕಾಗಿಲ್ಲ.

ಮಳೆ ಬಂದರೆ ಎಲ್ಲ ತೊಳೆದುಹೋಗುತ್ತದೆ ಎಂಬ ಮಾತು ನಿಜವೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು, ಹೊಯಿಗೆ ಮಣ್ಣಿನ ಉಪ್ಪು ಆಷಾಢ ಮುಗಿಯುವಷ್ಟರಲ್ಲಿ ಸಮುದ್ರ ಸೇರಿರುತ್ತದೆ. ಈ ಕಾರಣಕ್ಕೇ ಪ್ರತಿ ವರ್ಷ ದೂರು ಕೂಡ ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ಪ್ರತಿ ವರ್ಷ ಹಲಗೆ ತಡವಾಗುತ್ತದೆ. ಆದರೆ ಗುಳ್ಳದ ಬೆಳೆ ನಡೆಯುವುದೇ ಮಳೆ ಇಲ್ಲದ ತಿಂಗಳುಗಳಲ್ಲಿ. ಕೊಳಕೆ (ಬೇಸಿಗೆಯ) ಭತ್ತವೂ ಹಾಗೆಯೇ. ಬಾವಿಗಳ ಕಥೆ ಬೇರೆಯೇ ಇದೆ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1000ದವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಕೆಳಬೈಲಿನ ಕೆಲವು ಬಾವಿಗಳ ನೀರಿನಲ್ಲಿ ಈಗ ಬೇಳೆ ಬೇಯುವುದಿಲ್ಲ. ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಮುಂದಿನ ಅಮಾವಾಸ್ಯೆಯ ಉಬ್ಬರಕ್ಕೆ ಮೊದಲು ಹಲಗೆಗಳ ಸಂದಿಗೆ ಮಣ್ಣು ತುಂಬಿಸಿ ಸೋರಿಕೆ ನಿಲ್ಲಿಸಲಿ. ರೋಗ ಎಂದು ಬರೆದ ವರದಿಯನ್ನು ಹಿಂದಕ್ಕೆ ಪಡೆದು, ಮಣ್ಣಿನ ಮಾದರಿ ತೆಗೆದು ಇ.ಸಿ. ಪರೀಕ್ಷೆ ಮಾಡಿಸಿ ಮತ್ತೆ ಬರೆಯಲಿ. ಬೆಳೆಗಾರರು ಸಿಹಿ ನೀರು ಸಿಗುವ ಬಾವಿಯಿದ್ದರೆ ಒಂದೆರಡು ಸಲ ಧಾರಾಳವಾಗಿ ಹಾಯಿಸಿ ಬೇರಿನ ಸುತ್ತಲಿನ ಉಪ್ಪನ್ನು ಕೆಳಗೆ ಇಳಿಸಲಿ, ಅಲ್ಲಿಯ ತನಕ ಗೊಬ್ಬರ ಬೇಡ. ತಮ್ಮ ತೋಡಿನ ನೀರು ಪರೀಕ್ಷಿಸಬೇಕೆನ್ನುವವರು ಉಬ್ಬರದ ಹೊತ್ತಿಗೆ ತಳದಿಂದ ಒಂದು ಬಾಟಲಿ, ಇಳಿತದ ಹೊತ್ತಿಗೆ ಇನ್ನೊಂದು ಬಾಟಲಿ ತುಂಬಿ, ಮೇಲೆ ಜಾಗ ಮತ್ತು ಸಮಯ ಬರೆದು ಪಂಚಾಯತಿ ಕಚೇರಿಯಲ್ಲಿ ಕೊಟ್ಟರೆ ಸಾಕು. ಶನಿವಾರ ಬೆಳಿಗ್ಗೆ ನಾನು ಮೀಟರಿನೊಂದಿಗೆ ಅಲ್ಲಿರುತ್ತೇನೆ. ಉಪ್ಪಿನಕಾಯಿಯ ಬಾಟಲಿ ಮಾತ್ರ ತರಬೇಡಿ.

ಇತಿ,
ನಿವೃತ್ತ ರಕ್ತನಿಧಿ ತಂತ್ರಜ್ಞೆ,
ಕಟಪಾಡಿ ಸಮೀಪ, ಉಡುಪಿ ಜಿಲ್ಲೆ